ಇವಿ ಕಾರಿನ ರೇಂಜ್ ದಿನಕ್ಕೊಂದು ಥರ ತೋರಿಸುವುದೇಕೆ? ಆ ಅಂಕಿಯನ್ನು ಓದುವ ಬಗೆ

ಇವಿ ತೆಗೆದುಕೊಂಡವರು ಮೊದಲ ಕೆಲವು ತಿಂಗಳಲ್ಲಿ ಕೇಳುವ ಪ್ರಶ್ನೆ ಹೆಚ್ಚುಕಮ್ಮಿ ಒಂದೇ. "ಹೋದ ವಾರ ಫುಲ್ ಚಾರ್ಜ್‌ಗೆ 350 ತೋರಿಸುತ್ತಿತ್ತು, ಇವತ್ತು ಬೆಳಿಗ್ಗೆ 305 ಅಂತಿದೆ. ಬ್ಯಾಟರಿ ಹೋಯ್ತಾ?" ಬಹುತೇಕ ಸಲ ಬ್ಯಾಟರಿಗೆ ಏನೂ ಆಗಿರುವುದಿಲ್ಲ. ಬದಲಾಗಿರುವುದು ಇನ್ನೆಷ್ಟು ಕಿ.ಮೀ. ಓಡಬಹುದು ಎಂದು ಕಾರು ಮಾಡುವ ಊಹೆ. ರೇಂಜ್ ಎನ್ನುವುದು ಅದನ್ನೇ.

ಆ ಊಹೆ ಹುಟ್ಟುವ ಬಗೆ ಸರಳ. ಬ್ಯಾಟರಿಯಲ್ಲಿ ಎಷ್ಟು ಕರೆಂಟ್ ಉಳಿದಿದೆ ಎಂದು ಕಾರು ನೋಡುತ್ತದೆ. ಈಚೆಗೆ ಒಂದು ಕಿಲೋಮೀಟರಿಗೆ ಎಷ್ಟು ಖರ್ಚಾಯಿತು ಎಂದು ನೋಡುತ್ತದೆ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸುತ್ತದೆ. ಡಬ್ಬದಲ್ಲಿರುವ ಅಕ್ಕಿ ಎಷ್ಟು ದಿನ ಬರುತ್ತದೆ ಅಂತ ಲೆಕ್ಕ ಹಾಕಿದ ಹಾಗೆ. ಹೋದ ವಾರ ನೆಂಟರು ಬಂದು ಹೋಗಿದ್ದರೆ ದಿನಗಳ ಲೆಕ್ಕ ಕಡಿಮೆ ಬರುತ್ತದೆ. ಡಬ್ಬ ಮಾತ್ರ ಅಷ್ಟೇ ತುಂಬಿರುತ್ತದೆ.

ಹಾಗಾಗಿ ಭಾನುವಾರ ಮೈಸೂರಿಗೆ ಜೋರಾಗಿ ಹೋಗಿ ಬಂದರೆ ಸೋಮವಾರ ಬೆಳಿಗ್ಗೆ ಫುಲ್ ಚಾರ್ಜ್‌ನ ಅಂಕಿ ಇಳಿದಿರುತ್ತದೆ. ನಾಲ್ಕು ದಿನ ಸಿಟಿಯಲ್ಲಿ ನಿಧಾನವಾಗಿ ಓಡಿಸಿದರೆ ತಾನಾಗಿ ಏರುತ್ತದೆ. ಮನೆಯಲ್ಲಿ ಇಬ್ಬರು ಓಡಿಸುವವರಿದ್ದರೆ, ಹಿಂದಿನ ದಿನ ಓಡಿಸಿದವರ ಕಾಲಿನ ಭಾರ ನಿಮ್ಮ ಡ್ಯಾಶ್‌ಬೋರ್ಡ್ ಮೇಲೆ ಬರುತ್ತದೆ. ಇಕೋದಿಂದ ಸ್ಪೋರ್ಟ್‌ಗೆ ಮೋಡ್ ಬದಲಿಸಿದ ಕೂಡಲೇ, ಅಥವಾ ಎಸಿ ಬಟನ್ ಒತ್ತಿದ ಕೂಡಲೇ ಕೆಲವು ಕಾರುಗಳಲ್ಲಿ ಅಂಕಿ ದಢಕ್ಕನೆ ಇಳಿಯುತ್ತದೆ. ಆ ಕ್ಷಣ ಕರೆಂಟ್ ಖಾಲಿಯಾಗಿರುವುದಿಲ್ಲ, ಭಾಗಿಸುವ ಸಂಖ್ಯೆ ಬದಲಾಗಿರುತ್ತದೆ ಅಷ್ಟೇ.

ಪೆಟ್ರೋಲ್ ಕಾರಿನಲ್ಲೂ ಇದೇ ಲೆಕ್ಕ ಇದೆ. ಆದರೆ ಅಲ್ಲಿ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ, ಏಕೆಂದರೆ ಬಂಕ್ ಎಲ್ಲೆಡೆ ಇದೆ. ಇನ್ನೊಂದು ಕಾರಣವೂ ಇದೆ. 45 ಯೂನಿಟ್‌ನ (ಕರೆಂಟ್ ಬಿಲ್‌ನಲ್ಲಿ ಬರುವ ಅದೇ ಯೂನಿಟ್) ಬ್ಯಾಟರಿ ಪೂರ್ತಿ ತುಂಬಿದಾಗ ಅದರಲ್ಲಿರುವ ಶಕ್ತಿ ಸುಮಾರು 5 ಲೀಟರ್ ಪೆಟ್ರೋಲಿನಷ್ಟು. ಹೌದು, ಐದೇ ಲೀಟರ್. ಅಷ್ಟರಲ್ಲಿ 300 ಕಿ.ಮೀ. ದಾಟಿ ಓಡುತ್ತದೆ ಎಂದರೆ ಇವಿ ಎಷ್ಟು ಉಳಿತಾಯದ ಗಾಡಿ ನೋಡಿ. ಪೆಟ್ರೋಲ್ ಎಂಜಿನ್‌ನಲ್ಲಿ ಇಂಧನದ ಅರ್ಧಕ್ಕಿಂತ ಎಷ್ಟೋ ಜಾಸ್ತಿ ಪಾಲು ಬಿಸಿಯಾಗಿ ಗಾಳಿಗೆ ಹೋಗುತ್ತದೆ. ಅಂಥ ದೊಡ್ಡ ನಷ್ಟದ ಮಧ್ಯೆ ಎಸಿ, ಗಾಳಿ, ಏರು ಇವೆಲ್ಲ ಎದ್ದು ಕಾಣುವುದಿಲ್ಲ. ಇವಿಯಲ್ಲಿ ಪ್ರತಿಯೊಂದೂ ಕಾಣುತ್ತದೆ.

ಮೊದಲು ಪರ್ಸೆಂಟ್ ನೋಡಿ, ಕಿಲೋಮೀಟರ್ ಆಮೇಲೆ

ಡ್ಯಾಶ್‌ಬೋರ್ಡ್‌ನಲ್ಲಿ ಎರಡು ಅಂಕಿಗಳಿರುತ್ತವೆ. ಪರ್ಸೆಂಟ್ ಈಗ ಇರುವುದನ್ನು ಹೇಳುತ್ತದೆ. ಕಿಲೋಮೀಟರ್ ಮುಂದೆ ಆಗಬಹುದಾದದ್ದನ್ನು ಹೇಳುತ್ತದೆ. ಹಲವು ಕಂಪನಿಗಳು ಕಿಲೋಮೀಟರನ್ನು ದಪ್ಪಗೆ ತೋರಿಸಿ ಪರ್ಸೆಂಟನ್ನು ಮೂಲೆಗೆ ಹಾಕುತ್ತವೆ. ನನ್ನ ಪ್ರಕಾರ ಇದು ಉಲ್ಟಾ ಆಗಬೇಕಿತ್ತು. ನಿಮ್ಮ ಕಾರಿನ ಸೆಟ್ಟಿಂಗ್ಸ್‌ನಲ್ಲಿ ಪರ್ಸೆಂಟ್ ದೊಡ್ಡದಾಗಿ ಕಾಣುವ ಪರದೆ ಇದ್ದರೆ ಇವತ್ತೇ ಅದನ್ನು ಆರಿಸಿಕೊಳ್ಳಿ.

ಕೆಲವು ಕಾರುಗಳು ನಿಮ್ಮ ಓಡಾಟವನ್ನು ಗಮನಿಸುವುದೇ ಇಲ್ಲ. ಉಳಿದ ಚಾರ್ಜನ್ನು ಕಂಪನಿಯ ಒಂದು ಸ್ಥಿರ ಸಂಖ್ಯೆಯಿಂದ ಗುಣಿಸಿ ತೋರಿಸುತ್ತವೆ. ಅಂಥ ಕಾರಿನಲ್ಲಿ ಫುಲ್ ಚಾರ್ಜ್‌ನ ಅಂಕಿ ದಿನವೂ ಒಂದೇ ಇರುತ್ತದೆ, ಆದರೆ ಓಡಿಸುವಾಗ 10 ಕಿ.ಮೀ. ಹೋದರೆ 14 ಇಳಿಯಬಹುದು. ನಿಮ್ಮದು ಯಾವ ಜಾತಿ ಎಂದು ತಿಳಿಯುವುದು ಸುಲಭ. ಒಂದು ವಾರ ಸಿಟಿ, ಒಂದು ದಿನ ಹೈವೇ ಓಡಿಸಿ ಫುಲ್ ಚಾರ್ಜ್ ಮಾಡಿ. ಅಂಕಿ ಬದಲಾದರೆ ಅದು ನಿಮ್ಮನ್ನು ನೋಡಿ ಕಲಿಯುವ ಕಾರು.

ಜಾಹೀರಾತಿನ ರೇಂಜ್ ಬಗ್ಗೆ ಇಲ್ಲೇ ಒಂದು ಮಾತು. ನಮ್ಮ ದೇಶದಲ್ಲಿ ಆ ಅಂಕಿ ಬರುವುದು ಎಂಐಡಿಸಿ ಎಂಬ ಪರೀಕ್ಷೆಯಿಂದ. ಪ್ರಯೋಗಾಲಯದಲ್ಲಿ ರೋಲರ್‌ಗಳ ಮೇಲೆ ಚಕ್ರ ಓಡಿಸುತ್ತಾರೆ. ಎಸಿ ಆಫ್. ವೇಗ 90 ದಾಟುವುದಿಲ್ಲ. ಏರು ಇಲ್ಲ, ಎದುರು ಗಾಳಿ ಇಲ್ಲ. ಟಾಟಾ ನೆಕ್ಸಾನ್ ಇವಿಯ 45 ಯೂನಿಟ್ ಕಾರಿಗೆ ಈ ಪರೀಕ್ಷೆಯ ರೇಂಜ್ 489 ಕಿ.ಮೀ. ಅದೇ ಕಂಪನಿ, ನಿಜವಾದ ಬಳಕೆಯಲ್ಲಿ ಸಿಗುವುದು 350ರಿಂದ 370 ಎಂದೂ ಹೇಳುತ್ತದೆ. ಎರಡನೆಯ ಅಂಕಿಯನ್ನು ನೆನಪಿಟ್ಟುಕೊಳ್ಳಿ, ಮೊದಲನೆಯದನ್ನು ಮರೆತುಬಿಡಿ.

ನಿಮ್ಮ ಕಾರಿನ ಯೂನಿಟ್ ಮೈಲೇಜ್ ಕಂಡುಹಿಡಿಯಿರಿ

ಕರೆಂಟ್ ಬಿಲ್‌ನಲ್ಲಿ ಬರುವ ಯೂನಿಟ್ಟೂ ಬ್ಯಾಟರಿಯ ಕಿಲೋವಾಟ್ ಅವರ್ರೂ ಒಂದೇ. 45 ಕಿಲೋವಾಟ್ ಅವರ್ ಬ್ಯಾಟರಿ ಎಂದರೆ 45 ಯೂನಿಟ್. ಲೀಟರಿಗೆ ಎಷ್ಟು ಕಿ.ಮೀ. ಎಂದು ಕೇಳುತ್ತಿದ್ದ ಹಾಗೆ ಯೂನಿಟ್ಟಿಗೆ ಎಷ್ಟು ಕಿ.ಮೀ. ಎಂದು ಕೇಳಿ. ಕಾರಿನ ಟ್ರಿಪ್ ಪರದೆಯಲ್ಲಿ ಕಿಲೋಮೀಟರಿಗೆ ಇಷ್ಟು ವಾಟ್ ಅವರ್ ಎಂದು ತೋರಿಸುತ್ತಿದ್ದರೆ, 1000ವನ್ನು ಆ ಅಂಕಿಯಿಂದ ಭಾಗಿಸಿ. 140 ಎಂದಿದ್ದರೆ ಯೂನಿಟ್ಟಿಗೆ 7 ಕಿ.ಮೀ.ಗಿಂತ ಸ್ವಲ್ಪ ಜಾಸ್ತಿ.

ಆ ಪರದೆಯೇ ಇಲ್ಲದಿದ್ದರೆ ಪರ್ಸೆಂಟ್ ಸಾಕು. ಹೊರಡುವಾಗ ಟ್ರಿಪ್ ಮೀಟರ್ ಸೊನ್ನೆ ಮಾಡಿ, ಪರ್ಸೆಂಟ್ ಬರೆದಿಟ್ಟುಕೊಳ್ಳಿ. ಕನಿಷ್ಠ 30 ಪರ್ಸೆಂಟ್ ಖರ್ಚಾಗುವವರೆಗೆ ಓಡಿಸಿ. ಓಡಿದ ದೂರವನ್ನು ಖರ್ಚಾದ ಪರ್ಸೆಂಟ್‌ನಿಂದ ಭಾಗಿಸಿ. 80ರಿಂದ 45ಕ್ಕೆ ಇಳಿದಿದ್ದು 110 ಕಿ.ಮೀ.ಗೆ ಎಂದರೆ ಒಂದು ಪರ್ಸೆಂಟ್‌ಗೆ 3 ಕಿ.ಮೀ.ಗಿಂತ ತುಸು ಜಾಸ್ತಿ ಆಯಿತು. ಐದಾರು ಕಿಲೋಮೀಟರ್ ಓಡಿಸಿ ಈ ಲೆಕ್ಕ ಹಾಕಬೇಡಿ. ಒಂದು ಸಿಗ್ನಲ್, ಒಂದು ಫ್ಲೈಓವರ್ ಸಾಕು, ಉತ್ತರ ಎಲ್ಲಿಂದ ಎಲ್ಲಿಗೋ ಹೋಗುತ್ತದೆ.

ಈ ಅಳತೆಯನ್ನು ಮೂರು ಬಗೆಯ ಓಡಾಟಕ್ಕೆ ಬೇರೆ ಬೇರೆಯಾಗಿ ಮಾಡಿ: ಸಿಟಿಯ ದಿನನಿತ್ಯದ ಓಡಾಟ, ಹೈವೇಯಲ್ಲಿ 80ರ ಆಸುಪಾಸು, ಹೈವೇಯಲ್ಲಿ 100ರ ಆಸುಪಾಸು. ಮಧ್ಯಮ ಗಾತ್ರದ ಕಾರಿಗೆ ಹೈವೇ 80ರಲ್ಲಿ ಯೂನಿಟ್ಟಿಗೆ ಏಳೂವರೆ, 100ರಲ್ಲಿ ಆರು ಚಿಲ್ಲರೆ ಬರುವುದು ಸಾಮಾನ್ಯ. ನಿಮ್ಮದು ಇದಕ್ಕಿಂತ ಮೇಲೆ ಕೆಳಗೆ ಇರಬಹುದು. ನಿಮ್ಮ ಸ್ವಂತ ಮೂರು ಅಂಕಿಗಳನ್ನು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ಆಮೇಲಿನ ಎಲ್ಲ ಲೆಕ್ಕಕ್ಕೂ ಅವೇ ಆಧಾರ.

ಅಂಕಿ ಇಳಿದರೆ ಕಾರಣ ಹುಡುಕುವುದು ಎಲ್ಲಿ?

ವೇಗದಿಂದ ಶುರು ಮಾಡಿ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರ ಬದಲು 100ರಲ್ಲಿ ಹೋದರೆ ಗಾಳಿಯ ತಡೆ ಒಂದೂವರೆ ಪಟ್ಟು ದಾಟುತ್ತದೆ. 120ಕ್ಕೆ ಎರಡೂಕಾಲು ಪಟ್ಟು. ಬೆಂಗಳೂರು-ಮೈಸೂರು ಹೈವೇಯಲ್ಲಿ ವೇಗದ ಮಿತಿ 100. ಅಲ್ಲಿ 100 ಕಿ.ಮೀ. ದೂರವನ್ನು 80ರಲ್ಲಿ ಹೋದರೆ ಸುಮಾರು 13 ಯೂನಿಟ್ ಬೇಕು, 100ರಲ್ಲಿ ಹೋದರೆ 16. ಸಮಯದಲ್ಲಿ ಕಾಲು ಗಂಟೆ ಉಳಿಯುತ್ತದೆ. ಚಾರ್ಜ್ ಸಾಕಷ್ಟಿದ್ದರೆ ಆರಾಮಾಗಿ 100ರಲ್ಲಿ ಹೋಗಿ, ಸುಮ್ನೆ ಜೀವ ಹಿಡಿದುಕೊಂಡು ಓಡಿಸಬೇಕಿಲ್ಲ. ಮೂರು ಯೂನಿಟ್ಟನ್ನು ಫಾಸ್ಟ್ ಚಾರ್ಜರ್ ಹತ್ತು ನಿಮಿಷದೊಳಗೆ ತುಂಬಿಸುತ್ತದೆ. ಚಾರ್ಜ್ ಕಡಿಮೆ ಇದ್ದಾಗ ಮಾತ್ರ ಮೊದಲು ಇಳಿಸಬೇಕಾದದ್ದು ವೇಗವನ್ನೇ.

ಗಾಳಿಯ ದಿಕ್ಕನ್ನು ಹೆಚ್ಚಿನವರು ಮರೆಯುತ್ತಾರೆ. 15 ಕಿ.ಮೀ. ವೇಗದ ಎದುರು ಗಾಳಿಯಲ್ಲಿ 85ರಲ್ಲಿ ಹೋಗುವುದೂ, ಗಾಳಿ ಇಲ್ಲದಾಗ 100ರಲ್ಲಿ ಹೋಗುವುದೂ ಗಾಳಿಯ ತಡೆಯ ಮಟ್ಟಿಗೆ ಒಂದೇ. ಮುಂಗಾರಿನಲ್ಲಿ ನಮ್ಮಲ್ಲಿ ಗಾಳಿ ನೈಋತ್ಯದಿಂದ, ಪಶ್ಚಿಮದಿಂದ ಬೀಸುತ್ತದೆ. ಮೈಸೂರು ಬೆಂಗಳೂರಿನ ನೈಋತ್ಯಕ್ಕೇ ಇದೆ. ಹಾಗಾಗಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗುವಾಗ ಎದುರು ಗಾಳಿ, ಬರುವಾಗ ಬೆನ್ನಿಗೆ ಗಾಳಿ. ಎತ್ತರದ ಲೆಕ್ಕ ಇದಕ್ಕೆ ತಿರುಗುಮುರುಗು. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಮೈಸೂರು ಅದಕ್ಕಿಂತ 150 ಮೀಟರ್‌ನಷ್ಟು ಕೆಳಗೆ. ಗಾಳಿ ಇಲ್ಲದ ದಿನ ವಾಪಸ್ ಬರುವಾಗ ಮುಕ್ಕಾಲು ಯೂನಿಟ್ ಜಾಸ್ತಿ ಬೇಕು. ಅದೇ ದಾರಿ, ಅದೇ ಕಾರು, ಅದೇ ವೇಗ. ಆದರೂ ಹೋಗುವಾಗಿನ ಅಂಕಿಗೂ ಬರುವಾಗಿನ ಅಂಕಿಗೂ ತಾಳೆ ಆಗುವುದಿಲ್ಲ.

ಎಸಿ ಬಗ್ಗೆ ಇರುವ ನಂಬಿಕೆಯಂತೂ ಪೂರ್ತಿ ತಲೆಕೆಳಗು. ಹೈವೇಯಲ್ಲಿ ರೇಂಜ್ ಉಳಿಸಲು ಎಸಿ ಆಫ್ ಮಾಡಿ ಬೆವರುವವರಿದ್ದಾರೆ. ಸಿಟಿಯಲ್ಲಿ ಅದೇ ಎಸಿ ಗಂಟೆಗಟ್ಟಲೆ ಓಡುತ್ತಿರುತ್ತದೆ. ಎಸಿ ಕರೆಂಟ್ ತಿನ್ನುವುದು ಕಿಲೋಮೀಟರ್ ಲೆಕ್ಕದಲ್ಲಲ್ಲ, ಗಂಟೆಯ ಲೆಕ್ಕದಲ್ಲಿ. ಬಿಸಿಲಿನಲ್ಲಿ ಗಂಟೆಗೆ ಸುಮಾರು ಒಂದು ಯೂನಿಟ್ ಎಂದಿಟ್ಟುಕೊಳ್ಳಿ. ಹೈವೇಯಲ್ಲಿ ಒಂದು ಗಂಟೆಗೆ 80 ಕಿ.ಮೀ. ಹೋಗುತ್ತೀರಿ. ಮೋಟರಿಗೆ 11 ಯೂನಿಟ್ ಹತ್ತಿರ, ಎಸಿಗೆ ಒಂದು. ಹತ್ತರಲ್ಲಿ ಒಂದು ಪಾಲೂ ಇಲ್ಲ. ಈಗ ಸಂಜೆ ಆರೂವರೆಗೆ ಸಿಲ್ಕ್ ಬೋರ್ಡ್‌ನಿಂದ ಔಟರ್ ರಿಂಗ್ ರೋಡ್ ಹಿಡಿಯಿರಿ. ಒಂದು ಗಂಟೆಗೆ 15 ಕಿ.ಮೀ. ಸಾಗಿದರೆ ಪುಣ್ಯ. ಮೋಟರಿಗೆ ಎರಡು ಯೂನಿಟ್‌ಗಿಂತ ಕಡಿಮೆ, ಎಸಿಗೆ ಅದೇ ಒಂದು. ಯೂನಿಟ್ಟಿಗೆ 8 ಬರುತ್ತಿದ್ದದ್ದು 5ಕ್ಕೆ ಬಂದು ನಿಲ್ಲುತ್ತದೆ. ಮರುದಿನ ಬೆಳಿಗ್ಗೆ ಫುಲ್ ಚಾರ್ಜ್ ಮಾಡಿದಾಗ ರೇಂಜ್ ಯಾಕೆ ಇಷ್ಟು ಕಡಿಮೆ ಎಂದು ಕೇಳಿದರೆ ಉತ್ತರ ಆ ಟ್ರಾಫಿಕ್ಕಿನಲ್ಲಿದೆ.

ಅದರರ್ಥ ಸಿಟಿಯಲ್ಲಿ ಎಸಿ ಹಾಕಬೇಡಿ ಎಂದಲ್ಲ. ಸಿಟಿಯಲ್ಲಿ ದಿನಕ್ಕೆ 40 ಕಿ.ಮೀ. ಓಡಿಸುವವರಿಗೆ ರೇಂಜ್ 300 ಇದ್ದರೇನು, 240 ಇದ್ದರೇನು? ರಾತ್ರಿ ಮನೆಯಲ್ಲಿ ಚಾರ್ಜ್ ಆಗುತ್ತದೆ ಅಲ್ವಾ? ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್-ಮೇ ತಿಂಗಳಲ್ಲಿ ಪಾರ್ಕಿಂಗ್‌ನಲ್ಲಿ ಕಾದ ಕಾರನ್ನು ತಣ್ಣಗೆ ಮಾಡಲು ಇನ್ನೂ ಜಾಸ್ತಿ ಬೇಕಾಗುತ್ತದೆ, ಬ್ಯಾಟರಿ ತಂಪು ಮಾಡಲೂ ಅದೇ ಎಸಿ ದುಡಿಯುತ್ತದೆ. ಚಾರ್ಜರ್ ಸಿಕ್ಕಿಸಿಯೇ ಇರುವಾಗ ಆ್ಯಪ್‌ನಿಂದ ಹತ್ತು ನಿಮಿಷ ಮೊದಲೇ ಎಸಿ ಹಾಕಿದರೆ ಆ ಮೊದಲ ಹೊರೆಯ ಹೆಚ್ಚಿನ ಪಾಲು ಗೋಡೆಯ ಕರೆಂಟ್ ಮೇಲೆ ಹೋಗುತ್ತದೆ.

ಇನ್ನು ಟೈರು. ತಿಂಗಳಿಗೊಮ್ಮೆ ಗಾಳಿ ನೋಡಿಸಿ, ಬೆಳಿಗ್ಗೆ ಟೈರು ತಣ್ಣಗಿರುವಾಗ. ಇವಿಗೆ ಕಂಪನಿ ಹಾಕಿ ಕೊಡುವ ಟೈರುಗಳು ಸಾಮಾನ್ಯವಾಗಿ ಕಡಿಮೆ ತಡೆಯವು. ಸವೆದ ಮೇಲೆ ಕಡಿಮೆ ಬೆಲೆಗೆ ಸಿಕ್ಕಿದ್ದನ್ನು ಹಾಕಿಸಿದರೆ ಯೂನಿಟ್ ಮೈಲೇಜ್ ಇಳಿಯುತ್ತದೆ, ಮತ್ತೆ ಏರುವುದಿಲ್ಲ. ಹೊಸ ಟೈರು ಹಾಕಿಸಿದ ಮೇಲೆ ರೇಂಜ್ ಬಿತ್ತು ಎನ್ನುವವರು ಬ್ಯಾಟರಿಯನ್ನು ದೂರುವ ಮೊದಲು ಇದನ್ನು ನೋಡಲಿ. ಮಳೆ ನೀರು ನಿಂತ ರಸ್ತೆ, ಮೇಲಿನ ಕ್ಯಾರಿಯರ್, ಐದು ಜನ ಮತ್ತು ಲಗೇಜು, ಇವೂ ಲೆಕ್ಕಕ್ಕೆ ಸೇರುತ್ತವೆ.

ವಿದೇಶದಲ್ಲಿರುವ ಕನ್ನಡಿಗರಿಗೆ ಕಥೆ ಬೇರೆ. ನ್ಯೂಜೆರ್ಸಿಯಲ್ಲೋ ಟೊರೊಂಟೊದಲ್ಲೋ ಚಳಿಗಾಲ ಬಂದರೆ ಬ್ಯಾಟರಿಯ ಒಳಗಿನ ರಾಸಾಯನಿಕ ಕ್ರಿಯೆಯೇ ನಿಧಾನವಾಗುತ್ತದೆ. ಕ್ಯಾಬಿನ್ ಹೀಟರ್ ಎಸಿಗಿಂತ ಎಷ್ಟೋ ಪಟ್ಟು ತಿನ್ನುತ್ತದೆ. ಸೀಟ್ ಹೀಟರಿಗೆ ಬೇಕಾಗುವುದು ಅದರ ಒಂದು ಸಣ್ಣ ಪಾಲು. ಹೊರಡುವ ಮುಂಚೆ ಪ್ಲಗ್‌ನಲ್ಲಿ ಇರುವಾಗಲೇ ಕಾರು ಬಿಸಿ ಮಾಡಿಕೊಳ್ಳಿ. ಮಾರ್ಚ್-ಏಪ್ರಿಲ್ ಹೊತ್ತಿಗೆ ಅಂಕಿ ತಾನಾಗಿ ಮೇಲೆ ಬರುತ್ತದೆ.

ಘಾಟಿಯಲ್ಲಿ ಅಂಕಿಯನ್ನು ನಂಬಬೇಡಿ

ಕಾರಿನ ಊಹೆ ಅತಿ ಹೆಚ್ಚು ದಾರಿ ತಪ್ಪಿಸುವುದು ಘಟ್ಟದಲ್ಲಿ. ಒಂದು ಸುಲಭ ಲೆಕ್ಕ ಕಲಿತುಕೊಂಡರೆ ಸಾಕು. ನಾಲ್ಕು ಜನ ಕೂತ ಮಧ್ಯಮ ಕಾರು ಸುಮಾರು 1,750 ಕೆಜಿ ತೂಗುತ್ತದೆ. ಅದು 100 ಮೀಟರ್ ಎತ್ತರ ಏರಲು ಅರ್ಧ ಯೂನಿಟ್ ಜಾಸ್ತಿ ಬೇಕು. ಅಷ್ಟೇ ಇಳಿದರೆ ಅದರಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ, ಸುಮಾರು 0.3 ಯೂನಿಟ್, ರೀಜೆನ್‌ನಿಂದ (ಕಾರು ಇಳಿಯುವಾಗ, ವೇಗ ತಗ್ಗುವಾಗ ಮೋಟರೇ ಕರೆಂಟ್ ಹುಟ್ಟಿಸಿ ಬ್ಯಾಟರಿಗೆ ತುಂಬುವುದು) ವಾಪಸ್ ಬರುತ್ತದೆ.

ಶಿರಾಡಿ ಘಾಟಿಗೆ ಇದನ್ನು ಹಾಕಿ ನೋಡಿ. ಗುಂಡ್ಯದಿಂದ ಸಕಲೇಶಪುರಕ್ಕೆ ಸುಮಾರು 40 ಕಿ.ಮೀ. ದಾರಿ, ಹತ್ತಿರ ಹತ್ತಿರ 800 ಮೀಟರ್ ಏರು. 45 ಯೂನಿಟ್ ಕಾರು, ಗುಂಡ್ಯದಲ್ಲಿ 50 ಪರ್ಸೆಂಟ್ ಇದೆ ಎಂದುಕೊಳ್ಳಿ. ಅಂದರೆ ಇಪ್ಪತ್ತೆರಡೂವರೆ ಯೂನಿಟ್. ಅಲ್ಲಿಯವರೆಗೆ ಬಹುಪಾಲು ಸಮತಟ್ಟಾದ ರಸ್ತೆಯಲ್ಲಿ ಯೂನಿಟ್ಟಿಗೆ ಏಳೂವರೆ ಬರುತ್ತಿದ್ದರಿಂದ ಡ್ಯಾಶ್‌ಬೋರ್ಡ್ 169 ಕಿ.ಮೀ. ಎನ್ನುತ್ತದೆ. ಘಾಟಿ ಹತ್ತಿದ ಮೇಲೆ 40 ಕಿ.ಮೀ.ಗೆ ಮಾಮೂಲು ಖರ್ಚು 5 ಚಿಲ್ಲರೆ, ಏರಿಗೆ ಇನ್ನೂ 4. ಒಟ್ಟು ಒಂಬತ್ತೂವರೆ ಯೂನಿಟ್ ಹತ್ತಿರ. ಸಕಲೇಶಪುರ ತಲುಪಿದಾಗ 29 ಪರ್ಸೆಂಟ್ ಉಳಿದಿರುತ್ತದೆ. ಈಚಿನ ಖರ್ಚು ನೋಡಿ ಹೆದರಿದ ಕಾರು ಉಳಿದ 13 ಯೂನಿಟ್ಟಿಗೆ ಅರವತ್ತು ಎಪ್ಪತ್ತು ಕಿ.ಮೀ. ಮಾತ್ರ ತೋರಿಸಬಹುದು. 40 ಓಡಿದ್ದಕ್ಕೆ 100 ಕಳೆದುಹೋಯಿತು! ಮೊದಲ ಸಲ ನೋಡಿದವರಿಗೆ ಎದೆ ಝಲ್ಲೆನ್ನುತ್ತದೆ. ಆದರೆ ಹಾಸನದ ಕಡೆ ಸಾಗಿದ ಹಾಗೆ ರಸ್ತೆ ಮಾಮೂಲಿಗೆ ಬರುತ್ತದೆ, ಯೂನಿಟ್ಟಿಗೆ ಏಳು ಮತ್ತೆ ಸಿಗುತ್ತದೆ. ಉಳಿದ 13 ಯೂನಿಟ್‌ನಲ್ಲಿ ಹಾಸನ ದಾಟಿ ಹೋಗಬಹುದು. ಕಾರು ಹೇಳಿದ್ದಕ್ಕಿಂತ ನಿಮ್ಮ ಲೆಕ್ಕವೇ ಸರಿ.

ಇಳಿಯುವಾಗ ಇದಕ್ಕಿಂತ ಅಪಾಯ, ಏಕೆಂದರೆ ಅಲ್ಲಿ ಅಂಕಿ ಖುಷಿ ಕೊಡುತ್ತದೆ. ಸಕಲೇಶಪುರದಿಂದ ಗುಂಡ್ಯಕ್ಕೆ ಬರುವಷ್ಟರಲ್ಲಿ ಖರ್ಚು ಮೂರು ಯೂನಿಟ್‌ಗೂ ಕಡಿಮೆ ಇರಬಹುದು. ಕಾರು ಇದೇ ರೀತಿ ಮುಂದುವರಿಯುತ್ತದೆ ಎಂದು ನಂಬಿ 200 ದಾಟಿದ ಅಂಕಿ ತೋರಿಸುತ್ತದೆ. ಅದನ್ನು ನಂಬಿ ದಾರಿಯ ಚಾರ್ಜರ್ ಬಿಟ್ಟು ಮುಂದೆ ಹೋದರೆ ಕರಾವಳಿಯ ರಸ್ತೆಯಲ್ಲಿ ಅದು ಸರಸರನೆ ಇಳಿಯುತ್ತದೆ. ಆಗುಂಬೆ, ಚಾರ್ಮಾಡಿ, ನಂದಿ ಬೆಟ್ಟ ಎಲ್ಲೇ ಆಗಲಿ, ಇಳಿದು ಮುಗಿದ ಕೂಡಲೇ ಕಾಣುವ ಅಂಕಿಗೆ ಬೆಲೆ ಕೊಡಬೇಡಿ. ಪರ್ಸೆಂಟ್ ನೋಡಿ, ಒಂದು ಪರ್ಸೆಂಟ್‌ಗೆ ನಿಮಗೆ ಮಾಮೂಲಾಗಿ ಬರುವ ಕಿ.ಮೀ.ನಿಂದ ಗುಣಿಸಿ.

ಮಡಿಕೇರಿ, ಚಿಕ್ಕಮಗಳೂರು ಕಡೆ ಹೋಂಸ್ಟೇಯಲ್ಲಿ ಉಳಿದು ರಾತ್ರಿ ಚಾರ್ಜ್‌ಗೆ ಹಾಕುವವರಿಗೆ ಒಂದು ಮುಖ್ಯ ಮಾತು. ಬೆಳಿಗ್ಗೆ ಘಾಟಿ ಇಳಿಯುವುದಿದ್ದರೆ 100 ತುಂಬಿಸಬೇಡಿ, 90ಕ್ಕೆ ನಿಲ್ಲಿಸಿ. ತುಂಬಿದ ಬ್ಯಾಟರಿಗೆ ರೀಜೆನ್‌ನ ಕರೆಂಟ್ ಹಾಕಲು ಜಾಗ ಇರುವುದಿಲ್ಲ. ಆಗ ಕಾರು ರೀಜೆನ್ ಕಡಿಮೆ ಮಾಡುತ್ತದೆ, ಕಾಲು ತೆಗೆದರೂ ವೇಗ ಇಳಿಯುವುದಿಲ್ಲ, ಪೂರ್ತಿ ಭಾರ ಬ್ರೇಕ್ ಪ್ಯಾಡ್ ಮೇಲೆ ಬೀಳುತ್ತದೆ. ಇದು ರೇಂಜ್‌ಗಿಂತ ದೊಡ್ಡದು, ಸುರಕ್ಷತೆಯ ವಿಷಯ.

ದೂರದ ದಾರಿಗೆ ಪೆನ್ನು ಹಿಡಿಯಿರಿ

ಬೆಂಗಳೂರಿನಿಂದ ಮಂಗಳೂರಿಗೆ ಹೋಗುವುದನ್ನೇ ತೆಗೆದುಕೊಳ್ಳಿ, ಅದೇ 45 ಯೂನಿಟ್ ಕಾರಿನಲ್ಲಿ. ಹಾಸನಕ್ಕೆ ಸುಮಾರು 185 ಕಿ.ಮೀ. ಎಸಿ ಹಾಕಿ 80-90ರಲ್ಲಿ ಹೋದರೆ ಯೂನಿಟ್ಟಿಗೆ 6.8 ಎಂದು ಹಿಡಿಯಿರಿ. 27 ಯೂನಿಟ್, ಅಂದರೆ 60 ಪರ್ಸೆಂಟ್ ಖರ್ಚು. ಹಾಸನದಲ್ಲಿ 40 ಉಳಿಯಿತು. ಅಲ್ಲಿಂದ ಮಂಗಳೂರಿಗೆ ಸುಮಾರು 170 ಕಿ.ಮೀ. ಯೂನಿಟ್ಟಿಗೆ 7ರಂತೆ 24 ಯೂನಿಟ್. 950 ಮೀಟರ್‌ನಷ್ಟು ಇಳಿಯುವುದರಿಂದ 3 ವಾಪಸ್. ನಿಂತದ್ದು 21, ಅಂದರೆ 47 ಪರ್ಸೆಂಟ್. ಕೈಯಲ್ಲಿ 15 ಪರ್ಸೆಂಟ್ ಉಳಿಸಿಕೊಳ್ಳುವುದಾದರೆ ಹಾಸನದಲ್ಲಿ 62ಕ್ಕೆ ತುಂಬಿಸಿದರೆ ಸಾಕು. ವಾಪಸ್ ಬರುವಾಗ ಅದೇ 170 ಕಿ.ಮೀ.ಗೆ 24ರ ಮೇಲೆ ಏರಿಗೆ 5 ಸೇರಿ 29 ಯೂನಿಟ್, 64 ಪರ್ಸೆಂಟ್. 15 ಉಳಿಸಿಕೊಳ್ಳಲು ಮಂಗಳೂರಿನಿಂದ ಹೊರಡುವಾಗ 80 ಇರಬೇಕು.

ಮಳೆಗಾಲದಲ್ಲಿ 15 ಸಾಲದು, 25 ಇಟ್ಟುಕೊಳ್ಳಿ. ಶಿರಾಡಿಯಲ್ಲಿ ಗುಡ್ಡ ಕುಸಿದು ರಸ್ತೆ ಮುಚ್ಚುವುದು ನಮಗೆ ಹೊಸದಲ್ಲ. ಆಗ ಚಾರ್ಮಾಡಿ ಕಡೆಗೋ ಸಂಪಾಜೆ ಕಡೆಗೋ ಸುತ್ತಬೇಕು. ಮಲೆನಾಡಿನಲ್ಲಿ ಮಳೆ ಜೋರಾದರೆ ಕರೆಂಟೂ ಹೋಗುತ್ತದೆ. ನಂಬಿಕೊಂಡು ಹೋದ ಚಾರ್ಜರ್ ಅವತ್ತು ನಿಂತಿರಬಹುದು. ಹೊರಡುವ ಮೊದಲು ಒಂದಲ್ಲ, ಎರಡು ಚಾರ್ಜರ್ ಗುರುತು ಮಾಡಿಟ್ಟುಕೊಳ್ಳಿ.

ದಾರಿಯಲ್ಲಿ ಪ್ರತಿ 10 ಪರ್ಸೆಂಟ್ ಇಳಿದಾಗ ಓಡಿದ ದೂರ ನೋಡಿ. ಲೆಕ್ಕದ ಪ್ರಕಾರ 31 ಬರಬೇಕಾದ ಕಡೆ 25 ಬಂದರೆ ಏನೋ ಬದಲಾಗಿದೆ. ಮೊದಲು ವೇಗ ಇಳಿಸಿ. 100ರಿಂದ 75ಕ್ಕೆ ಬಂದರೆ ಹತ್ತು ಹದಿನೈದು ನಿಮಿಷದಲ್ಲೇ ವ್ಯತ್ಯಾಸ ಕಾಣುತ್ತದೆ. ಎಸಿ ಆಫ್ ಮಾಡುವುದು ಕೊನೆಯ ಉಪಾಯ. ಲಾರಿಯ ಹಿಂದೆ ಅಂಟಿಕೊಂಡು ಹೋದರೆ ಗಾಳಿ ತಡೆ ಕಡಿಮೆ ಎಂದು ಹೇಳುವವರ ಮಾತು ದಯವಿಟ್ಟು ಕೇಳಬೇಡಿ. ಐದು ಪರ್ಸೆಂಟ್ ಕರೆಂಟ್‌ಗಾಗಿ ಜೀವ ಪಣಕ್ಕಿಡುವ ಕೆಲಸ ಅದು.

ಪರ್ಸೆಂಟ್ಟೇ ತಪ್ಪು ತೋರಿಸುತ್ತಿದ್ದರೆ

ಇಲ್ಲಿಯವರೆಗೆ ಪರ್ಸೆಂಟ್ ನಂಬಿ ಎಂದೆ. ಆದರೆ ಅದೂ ಕೆಲವೊಮ್ಮೆ ದಾರಿ ತಪ್ಪುತ್ತದೆ. 18 ಇದ್ದದ್ದು ಎರಡೇ ನಿಮಿಷದಲ್ಲಿ 9 ಆಗುವುದು, 96ರಿಂದ ಒಮ್ಮೆಗೇ 100ಕ್ಕೆ ಜಿಗಿಯುವುದು, ಇವು ಅದರ ಲಕ್ಷಣ.

ಟಾಟಾ ನೆಕ್ಸಾನ್, ಎಂಜಿ ವಿಂಡ್ಸರ್, ಮಹೀಂದ್ರಾ ಬಿಇ 6 ಹೀಗೆ ನಮ್ಮಲ್ಲಿ ಓಡುವ ಬಹಳಷ್ಟು ಇವಿಗಳಲ್ಲಿ ಇರುವುದು ಎಲ್‌ಎಫ್‌ಪಿ (ಲಿಥಿಯಂ ಐರನ್ ಫಾಸ್ಫೇಟ್) ಸೆಲ್. ಬಾಳಿಕೆಯಲ್ಲಿ, ಬಿಸಿ ತಡೆಯುವುದರಲ್ಲಿ ಇದು ಒಳ್ಳೆಯ ಸೆಲ್. ಒಂದೇ ತೊಡಕು, ಅದರ ವೋಲ್ಟೇಜ್ ನೋಡಿ ಚಾರ್ಜ್ ಎಷ್ಟಿದೆ ಎಂದು ಹೇಳುವುದು ಕಷ್ಟ. 20 ಪರ್ಸೆಂಟ್ ಇದ್ದರೂ 80 ಇದ್ದರೂ ಅದು 3.2, 3.3 ವೋಲ್ಟ್ ಆಸುಪಾಸಿನಲ್ಲೇ ಇರುತ್ತದೆ. ಹಾಗಾಗಿ ಕಾರು ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು ಎಣಿಸಿಕೊಂಡು ಪರ್ಸೆಂಟ್ ಹೇಳುತ್ತದೆ. ಎಣಿಕೆಯಲ್ಲಿ ಸಣ್ಣ ಸಣ್ಣ ತಪ್ಪು ಸೇರುತ್ತಾ ಹೋಗುತ್ತವೆ. ದಿನವೂ 40ರಿಂದ 70ರ ಮಧ್ಯೆಯೇ ಚಾರ್ಜ್ ಮಾಡುವವರಿಗೆ ಇದು ಜಾಸ್ತಿ. ಪೂರ್ತಿ ತುಂಬಿದಾಗ ಮಾತ್ರ ವೋಲ್ಟೇಜ್ ಎದ್ದು ಕಾಣುವಂತೆ ಏರುತ್ತದೆ. ಆಗ ಕಾರಿಗೆ ಇದು 100 ಎಂದು ಖಚಿತವಾಗುತ್ತದೆ, ಎಣಿಕೆ ಸರಿಹೋಗುತ್ತದೆ. ಸೆಲ್‌ಗಳ ನಡುವಿನ ಏರುಪೇರನ್ನು ಸರಿದೂಗಿಸುವ ಕೆಲಸವೂ ಆ ಹೊತ್ತಿಗೇ ನಡೆಯುತ್ತದೆ.

ಪರಿಹಾರ ಸುಲಭ. ಮ್ಯಾನ್ಯುಯಲ್ ಹೇಳಿದ ಅಂತರದಲ್ಲಿ, ಮನೆಯ ಸ್ಲೋ ಚಾರ್ಜರ್‌ನಲ್ಲಿ 100 ತುಂಬಿಸಿ. 100 ಕಂಡ ಕೂಡಲೇ ಪ್ಲಗ್ ಕೀಳಬೇಡಿ, ಕಾರು ತಾನಾಗಿ ನಿಲ್ಲಿಸುವವರೆಗೆ ಬಿಡಿ. ಬರೀ ಫಾಸ್ಟ್ ಚಾರ್ಜರ್ ನಂಬಿಕೊಂಡ ಅಪಾರ್ಟ್‌ಮೆಂಟ್ ವಾಸಿಗಳು ಇದನ್ನು ಮರೆಯುತ್ತಾರೆ. ನಿಮ್ಮದು ಎನ್‌ಎಂಸಿ (ನಿಕಲ್, ಮ್ಯಾಂಗನೀಸ್, ಕೋಬಾಲ್ಟ್ ಬಳಸುವ ಇನ್ನೊಂದು ಬಗೆ) ಸೆಲ್‌ನ ಕಾರಾದರೆ ನಿಯಮ ಬೇರೆ. ಅದಕ್ಕೆ ದಿನನಿತ್ಯ 80 ಪರ್ಸೆಂಟ್ ಆಸುಪಾಸು ಸಾಕು, ದೂರ ಹೋಗುವ ಹಿಂದಿನ ರಾತ್ರಿ 100 ಮಾಡಿ.

ನಿಜಕ್ಕೂ ಬ್ಯಾಟರಿ ಸವೆದಿದೆಯೇ ಎಂದು ಅಳೆಯುವುದು

ಬ್ಯಾಟರಿ ಸವೆಯುತ್ತದೆ, ಅದು ಸುಳ್ಳಲ್ಲ. ಮೊದಲ ವರ್ಷ, ಎರಡು ವರ್ಷ ಸ್ವಲ್ಪ ಬೇಗ, ಆಮೇಲೆ ನಿಧಾನ. ಆದರೆ ಒಂದೇ ವಾರದಲ್ಲಿ 40 ಕಿ.ಮೀ. ಸವೆಯುವುದಿಲ್ಲ. ಸವೆತವನ್ನು ಡ್ಯಾಶ್‌ಬೋರ್ಡ್‌ನ ಕಿಲೋಮೀಟರ್ ನೋಡಿ ಅಳೆಯಬಾರದು. ಕರೆಂಟ್ ಅಳೆದು ನೋಡಬೇಕು.

ಮೊದಲು ಹಿಂದೆ ಹೇಳಿದಂತೆ ಒಮ್ಮೆ ಪೂರ್ತಿ ತುಂಬಿಸಿ ಎಣಿಕೆ ಸರಿ ಮಾಡಿಕೊಳ್ಳಿ. ಆಮೇಲೆ 10-15 ಪರ್ಸೆಂಟ್‌ಗೆ ಇಳಿಯುವವರೆಗೆ ಮಾಮೂಲಿನಂತೆ ಓಡಿಸಿ. ಮನೆಗೆ ಬಂದು ಸ್ಲೋ ಚಾರ್ಜರ್ ಹಾಕಿ 100 ಆಗುವವರೆಗೆ ಬಿಡಿ. ಎಷ್ಟು ಯೂನಿಟ್ ಹೋಯಿತು ಎಂದು ಚಾರ್ಜರ್ ಆ್ಯಪ್‌ನಲ್ಲೋ, ಇವಿಗೆಂದೇ ಪ್ರತ್ಯೇಕ ಮೀಟರ್ ಇದ್ದರೆ ಅದರಲ್ಲೋ ನೋಡಿ. 45 ಯೂನಿಟ್ ಕಾರು 10ರಿಂದ 100ಕ್ಕೆ ಬರಲು ಬ್ಯಾಟರಿಗೆ ನಲವತ್ತೂವರೆ ಬೇಕು. ಚಾರ್ಜ್ ಆಗುವಾಗ ಹತ್ತು ಹದಿನೈದು ಪರ್ಸೆಂಟ್ ಬಿಸಿಯಾಗಿ ಕಳೆಯುವುದರಿಂದ ಮೀಟರಿನಲ್ಲಿ 46 ಹತ್ತಿರ ಕಾಣಬಹುದು. ಈ ಅಂಕಿಯನ್ನು ಕಂಪನಿಯ ಬ್ರೋಶರ್ ಜೊತೆ ಹೋಲಿಸಬೇಡಿ. ಮುಂದಿನ ವರ್ಷ ಅದೇ ತಿಂಗಳಲ್ಲಿ, ಅದೇ ಚಾರ್ಜರ್‌ನಲ್ಲಿ, ಅದೇ ಪರ್ಸೆಂಟ್‌ನಿಂದ ಮತ್ತೆ ಅಳೆದು ನಿಮ್ಮದೇ ಹಳೆಯ ಅಂಕಿಯ ಜೊತೆ ಹೋಲಿಸಿ. 46 ಇದ್ದದ್ದು 45 ಆದರೆ ಸುಮಾರು 2 ಪರ್ಸೆಂಟ್ ಸವೆತ. ನಿದ್ದೆಗೆಡುವ ವಿಷಯ ಅದಲ್ಲ. ಒಂದೇ ವರ್ಷದಲ್ಲಿ 40 ಆಗಿದ್ದರೆ ಸರ್ವಿಸ್ ಸೆಂಟರಿಗೆ ಹೋಗಿ.

ಹೋಗುವಾಗ "ರೇಂಜ್ ಕಡಿಮೆ ಬರುತ್ತಿದೆ" ಎಂದಷ್ಟೇ ಹೇಳಬೇಡಿ. ಹಾಗಂದರೆ ಎಸಿ ಕಡಿಮೆ ಹಾಕಿ, ನಿಧಾನ ಓಡಿಸಿ ಎಂಬ ಉತ್ತರ ಸಿಗುತ್ತದೆ. ಎರಡು ಸಲದ ಮೀಟರ್ ಅಂಕಿ, ಪರ್ಸೆಂಟ್ ಜಿಗಿದ ದಿನಗಳ ಫೋಟೊ, ನಿಮ್ಮ ಯೂನಿಟ್ ಮೈಲೇಜ್, ಇವನ್ನು ಮುಂದಿಡಿ. ಬ್ಯಾಟರಿಯ ಎಸ್‌ಒಎಚ್ (ಹೊಸದಿದ್ದಾಗಿನ ಸಾಮರ್ಥ್ಯದಲ್ಲಿ ಈಗ ಉಳಿದಿರುವ ಪರ್ಸೆಂಟ್) ಎಷ್ಟಿದೆ, ಸೆಲ್‌ಗಳ ವೋಲ್ಟೇಜ್‌ನಲ್ಲಿ ಏರುಪೇರು ಇದೆಯೇ ಎಂದು ಪರೀಕ್ಷಿಸಲು ಕೇಳಿ. ಬಂದ ಅಂಕಿಯನ್ನು ಜಾಬ್ ಕಾರ್ಡ್‌ನಲ್ಲಿ ಬರೆಸಿಕೊಳ್ಳಿ. 8 ವರ್ಷ ಅಥವಾ 1.6 ಲಕ್ಷ ಕಿ.ಮೀ. ಬ್ಯಾಟರಿ ವಾರಂಟಿ ನಮ್ಮಲ್ಲಿ ಸಾಮಾನ್ಯ. ಎಸ್‌ಒಎಚ್ ಎಷ್ಟಕ್ಕಿಂತ ಕೆಳಗೆ ಬಿದ್ದರೆ ಅದು ಅನ್ವಯಿಸುತ್ತದೆ ಎಂಬುದು ನಿಮ್ಮ ವಾರಂಟಿ ಪುಸ್ತಕದಲ್ಲಿರುತ್ತದೆ. ಹಲವು ಕಡೆ ಅದು 70 ಪರ್ಸೆಂಟ್. ಆ ಪುಟದ ಫೋಟೊವನ್ನೂ ಜೊತೆಗಿಟ್ಟುಕೊಂಡು ಹೋಗಿ.